ಆರನೇ ರೂಮಿನ ವಿಳಾಸ

ಜುಲೈ ೧೭, ಶುಕ್ರವಾರ
ಮೋಟೆಲಿನ ಬೆಡ್‌ಶೀಟು ಮಡಚುವಾಗ ರೋಷನ್ ಧಣಿಗಳು ನಗ್ತಾ ಬಂದ್ರು. ಮೋಟೆಲಿನ ಹಿಂದಿನ ಹುಲ್ಲುಗದ್ದೆ ಇಲ್ಲಿಯ ಮೇಯರಿಂದು, ಅದನ್ನು ಧಣಿಗಳು ತಗೊಳ್ತಾರಂತೆ. ಫಾರ್ಮ್ ರೆಸಾರ್ಟ್. ಕಾಟೇಜು, ಕುದುರೆ, ಮದುವೆ ಹಾಲ್. ಗುರುವಾರ ಟೌನ್ ಮೀಟಿಂಗ್.
"ನೀನೂ ಊರವಳೇ ಅಲ್ವಾ ಸುಗಂಧಿ? ರೆಸಾರ್ಟ್ ಬಂದ್ರೆ ಒಳ್ಳೇದು ಅಂತ ಎರಡು ಮಾತು ಹೇಳು. ನಿನ್ನ ಗ್ರೀನ್ ಕಾರ್ಡ್ ನಾನು ನೋಡಿಕೊಳ್ತಿಲ್ವಾ?"
ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೈಕಿನಲ್ಲಿ ಇಂಗ್ಲಿಷಾ... ದೇವರೇ.

ಜುಲೈ ೧೮
ಧಣಿಗಳ ಮನೆಯ ಅಡುಗೆಗೆ ಬಸಳೆ ತರಲಿಕ್ಕೆ ನಮ್ಮ ಕಡೆಯ ಕಲಾಳ ತೋಟಕ್ಕೆ ಹೋದೆ. ವೀಕೆಂಡ್ ಅಂತ ವುಡ್‌ಬ್ರಿಡ್ಜ್ ಪೇಟೆಯವರು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ರು, ತಾವೇ ಬೆಂಡೆ ಕೊಯ್ಯಲಿಕ್ಕೆ. ಅದರಲ್ಲೇ ಅವಳ ಜೀವನ. ಗೇಟಿಗೆ ನೋಟೀಸ್ ಅಂಟಿಸಿದ್ದಾರೆ. ಡಾಮರು ಪಾರ್ಕಿಂಗ್ ಇಲ್ಲದ ತೋಟಕ್ಕೆ ಟೂರಿಸ್ಟು ಬರಬಾರದಂತೆ. ಹೊಸ ರೂಲು. ರೆಸಾರ್ಟಿನ ಜೊತೆಗೇ ಗುರುವಾರ ಪಾಸ್ ಮಾಡುದು.
"ಡಾಮರು ಹಾಕಿದ್ರೆ ಬೆಂಡೆ ಎಲ್ಲಿ ನೆಡುದು, ಮೇಯರನ ತಲೆ ಮೇಲಾ?" ಅಂದಳು ಕಲಾ. ಮತ್ತೆ ಮೆಲ್ಲ, "ಸುಗಂಧಿಯಕ್ಕಾ, ನೀವು ಯಾರ ಕಡೆ ಮಾತಾಡುದು?"
ಬಸಳೆಗೆ ದುಡ್ಡು ತಗೊಳ್ಳಲಿಲ್ಲ. ಬೈದಿದ್ರೆ ಒಳ್ಳೇದಿತ್ತು.

ಜುಲೈ ೨೨
ಧಣಿಗಳ ಮನೆಯಲ್ಲಿ ಮೇಯರಿಗೆ ಊಟ. ಕೋರಿ ರೊಟ್ಟಿ ನಾನೇ ಮಾಡಿದ್ದು. ಮೇಯರ್ ಕೋಳಿ ಸಾರಿನ ಖಾರಕ್ಕೆ ಮೂಗು ಒರೆಸಿಕೊಂಡು "ವೆರಿ ಆಥೆಂಟಿಕ್" ಅಂದ. ಬೆರಳು ಮಡಚಿ ಎಣಿಸಿದ, ವೋಟು ಹಾಕುವ ಟೌನ್ ಬೋರ್ಡಿನಲ್ಲಿ ಯಾರ್ಯಾರು ತನ್ನವರು ಅಂತ. ಎಲ್ಲಾ ಬೆರಳೂ ಮಡಚಿತು. ಪಾಪ ಕಲಾ.

ಜುಲೈ ೨೩, ಗುರುವಾರ
ಮೀಟಿಂಗ್ ಮುಗಿಸಿ ಬಂದೆ.
ಧಣಿಗಳು ಹೇಳಿಕೊಟ್ಟದ್ದು ಬಾಯಿಪಾಠ ಮಾಡಿದ್ದೆ, ಎಲ್ಲ ಸರಿಯೇ ಇತ್ತು. ಆದ್ರೆ ಮೊದಲು ಹೆಸರು, ವಿಳಾಸ ಹೇಳಬೇಕಂತೆ. ಅದನ್ನು ಯಾರೂ ಕಲಿಸಿರಲಿಲ್ಲ. ನಮ್ಮ ಕಡೆ ವಿಳಾಸ ಅಂದ್ರೆ ಯಾರ ಮನೆ, ಆಚೀಚೆ ಯಾರು, ಎಲ್ಲಾ ಹೇಳುದು. ಹಾಗೇ ಹೇಳಿದೆ. ಮೋಟೆಲ್, ರೂಮ್ ಸಿಕ್ಸ್, ಫೋರ್ ಇಯರ್ಸ್. ರೂಮ್ ಫೈವ್ ಸೇಸಪ್ಪ, ಲಾಂಡ್ರಿಯವನು, ಹಿ ಆಲ್ಸೋ.
ಟೌನಿನ ಲಾಯರಮ್ಮ ತಲೆ ಎತ್ತಿದಳು. "ಯೂ ಲಿವ್ ದೇರ್?"
"ಯೆಸ್ ಮೇಡಂ. ಆಲ್ ಸ್ಟಾಫ್."
ಪ್ರವಾಸಿಗಳ ರೂಮಲ್ಲಿ ಜನ ಸಂಸಾರ ಮಾಡಬಾರದಂತೆ, ಇಲ್ಲಿ ಕಾನೂನು. ನನಗೇನು ಗೊತ್ತು? ಧಣಿಗಳ ಮುಖ ಬೂದಿ. ಮೇಯರ್ ಫೋನ್ ನೋಡ್ತಾ ಕೂತ, ಧಣಿಗಳ ಕಡೆ ತಿರುಗಲೇ ಇಲ್ಲ. ರೆಸಾರ್ಟು, ರೂಲು ಎರಡನ್ನೂ ಮುಂದಕ್ಕೆ ಹಾಕಿದ್ರು. ಬೆಳಿಗ್ಗೆ ರೂಮು ನೋಡಲಿಕ್ಕೆ ಇನ್‌ಸ್ಪೆಕ್ಟರ್ ಬರ್ತಾರಂತೆ.
ಹೊರಗೆ ಕಲಾ ತಬ್ಬಿಕೊಂಡಳು. "ಎಂಥ ಧೈರ್ಯ ಮಾರಾಯ್ತಿ!" ಧೈರ್ಯವಾ...

ಜುಲೈ ೨೪, ಬೆಳಿಗ್ಗೆ
ಧಣಿಗಳ ಮೆಸೇಜ್: ಸಾಮಾನೆಲ್ಲ ಸೂಟ್‌ಕೇಸಿಗೆ ಹಾಕು. ಇನ್‌ಸ್ಪೆಕ್ಟರ್ ಕೇಳಿದ್ರೆ ನೀನು ಗೆಸ್ಟ್. ನಿನ್ನೆ ಬಂದದ್ದು. ಇಲ್ಲದಿದ್ರೆ ಕೆಲಸ, ಕಾರ್ಡ್ ಎರಡೂ ಮರೆತುಬಿಡು.
ಬಟ್ಟೆ ತುಂಬಿದೆ. ದೇವರ ಪಟವನ್ನೂ. ಆದ್ರೆ ಬಸಳೆ? ಬಂದ ವರ್ಷವೇ ಪೇಂಟ್ ಬಕೆಟಿನಲ್ಲಿ ನೆಟ್ಟದ್ದು ಕರ್ಟನ್ ರಾಡ್ ಪೂರ್ತಿ ಹಬ್ಬಿದೆ. ನಿನ್ನೆ ಬಂದವಳ ಕಿಟಕಿಯಲ್ಲಿ ಇಷ್ಟು ಬಸಳೆ ಇರ್ತದಾ?
ಇನ್‌ಸ್ಪೆಕ್ಟರ್ ಪಕ್ಕದ ಬಾಗಿಲು ತಟ್ಟಿದ್ರು. ಸೇಸಪ್ಪನ ಸ್ವರ... "ಗೆಸ್ಟ್, ಗೆಸ್ಟ್" ಅಂತಿದ್ದಾನೆ.
ಕತ್ತರಿ ತಗೊಂಡೆ. ಬಳ್ಳಿಯ ಬುಡದಲ್ಲಿ ಹೊಸ ಚಿಗುರು.
ಕತ್ತರಿ ಇಟ್ಟೆ.
ಈಗ ನನ್ನ ಬಾಗಿಲು ತಟ್ಟಿದ್ರು. ಕೇಳಿದ್ರೆ ಹೇಳುದು—ರೂಮ್ ಸಿಕ್ಸ್, ಫೋರ್ ಇಯರ್ಸ್.