ಪಾತ್ರೆ ಬಿಟ್ಟರೂ ಮೂಗು ಬಿಡದ ವಾಸನೆ

ತಿಂಥಣಿ ಅತ್ತೆ,

ಪಾತ್ರೆಗೆ ಹಿಡಿದ ವಾಸನೆ ಹೋಗದಿದ್ದರೆ ನಾನು ಮೊದಲು ಕೇಳುತ್ತಿದ್ದದ್ದು ನಿನ್ನನ್ನೇ. ಈಗಲೂ ಹುಣಸೆಹಣ್ಣು ಕೈಯಲ್ಲಿ ಹಿಡಿದು ಫೋನು ಹುಡುಕುತ್ತೇನೆ. ಆಮೇಲೆ ನೀನು ಹೋಗಿ ಎರಡು ವರ್ಷವಾಯಿತು ಎನ್ನುವುದು ನೆನಪಾಗಿ... ಇರಲಿ. ನಿನಗೆ ಗೊತ್ತಿಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ಮಗಳು ನೀಲಾಳ ಎದೆಯಲ್ಲಿ ಗಂಟಾಗಿತ್ತು. ಕ್ಯಾನ್ಸರ್ ಅಂದರು. ಕಲಬುರಗಿಯಲ್ಲಿ ಆಪರೇಷನ್ ಮಾಡಿ ಗಂಟು ತೆಗೆದಿದ್ದಾರೆ. ಈಗ ಮೂರು ವಾರಕ್ಕೊಮ್ಮೆ ಕೀಮೋಗೆ ಕರೆದುಕೊಂಡು ಹೋಗುತ್ತೇನೆ. ಒಟ್ಟು ಆರು ಸಲ ಕೊಡಬೇಕಂತೆ. ಎರಡನೆಯದಕ್ಕೆ ಹೋದಾಗಲೇ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ತೂಕ ಭಾಳ ಇಳ್ಯಾಕತ್ತದ. ಹಿಂಗೇ ಆದ್ರ ಮುಂದಿನ ಡೋಸ್ ಕೊಡಾಕ ಬರೂದಿಲ್ಲ. ಹೆಂಗರ ಮಾಡಿ ಉಣಸ್ರಿ" ಎಂದರು. ಉಣಿಸುವುದು ಹೇಗೆ ಅತ್ತೆ? ಅನ್ನದ ವಾಸನೆ ಬಂದರೆ ಸಾಕು, ನಿನ್ನ ಮಗಳು ಬಚ್ಚಲಿಗೆ ಓಡುತ್ತಾಳೆ.

ನನಗೆ ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆ ಗೇಟು ಎತ್ತಿಳಿಸುವ ಕೆಲಸ ಸಿಕ್ಕಾಗ ನೀನು ನನ್ನನ್ನು ಹೊಳೆಗೆ ಕರೆದುಕೊಂಡು ಹೋಗಿದ್ದು ನೆನಪಿದೆಯೇ? ನೀಲಾಳನ್ನು ಕರೆದೊಯ್ಯುವ ಮುಂಚೆ ಆರು ತಿಂಗಳು ಒಬ್ಬನೇ ಇರಬೇಕಿತ್ತು. ಮೀನು ಹುರಿದ ಕಬ್ಬಿಣದ ಬಾಣಲೆಯನ್ನು ನನ್ನ ಕೈಗೆ ಕೊಟ್ಟು ತಿಕ್ಕು ಎಂದೆ. ನಾನು ಸೋಪಿನ ಪುಡಿ ಹಾಕಿ ತಿಕ್ಕಿದೆ. ನೀನು ಮೂಸಿ ನೋಡಿ ನಕ್ಕೆ. "ಸೋಪಿನ ವಾಸನಿ, ಅದರ ಬುಡಕ ಮೀನಿನ ವಾಸನಿ. ಈಗ ಎರಡಾದವು ನೋಡು" ಎಂದೆ. ಆಮೇಲೆ ಕಡಲೆಹಿಟ್ಟು ಉದುರಿಸಿ, ಜಿಡ್ಡೆಲ್ಲ ಹಿಟ್ಟು ಹೀರಿಕೊಂಡ ಮೇಲೆ ಹುಣಸೆ ಹಿಚುಕಿ ತಿಕ್ಕಿ, ತೊಳೆದು, ಬಂಡೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದೆ. ಮಧ್ಯಾಹ್ನಕ್ಕೆ ಅದರಲ್ಲಿ ಕಾದ ಕಬ್ಬಿಣದ ವಾಸನೆ ಬಿಟ್ಟರೆ ಮತ್ತೇನೂ ಇರಲಿಲ್ಲ.

ಎರಡನೆಯ ಕೀಮೋ ಆಗಿ ನಾಲ್ಕನೆಯ ದಿನ ನೀಲಾಳಿಗೆ ಸೇರುತ್ತದೆಂದು ತೊಗರಿಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯಿತಷ್ಟೆ. ಒಳಗಿನಿಂದ ಅವಳ ದನಿ ಬಂತು: "ಅದನ್ನ ಆರಸ್ರಿ. ಏನೋ ಸತ್ತಂಗ ನಾರಾಕತ್ತದ." ಆರಿಸಿದೆ. ಬೇಳೆಯನ್ನು ಹೊರಗೆ ಚೆಲ್ಲಿದೆ. ಆದರೂ ಅವಳು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಳದಿ ನೀರು ಬಂತು. ಹೊರಗೆ ಬಂದವಳು ಮೂಗಿಗೆ ಸೆರಗು ಒತ್ತಿಕೊಂಡು, "ಇಡೀ ಮನಿಗೆ ಹಿಡದದ ಅದು" ಎಂದಳು. ನಾನು ಅಗರಬತ್ತಿ ಹಚ್ಚಿದೆ. ಅದಕ್ಕೆ ಮತ್ತೆ ವಾಂತಿ ಮಾಡಿಕೊಂಡಳು. ನೀನು ಹೊಳೆಯ ಹತ್ತಿರ ಹೇಳಿದ ಮಾತನ್ನು ನಾನು ಹೇಗೆ ಮರೆತೆ?

ಮಾರನೆಯ ದಿನ ರಜೆ ಹಾಕಿ ಅಡುಗೆಮನೆಯನ್ನು ಪೂರ್ತಿ ಹಿತ್ತಲಿಗೆ ತಂದು ಸುರಿದೆ. ಕುಕ್ಕರಿನ ರಬ್ಬರನ್ನು ನಿಂಬೆಸಿಪ್ಪೆಯ ನೀರಿನಲ್ಲಿ ಕುದಿಸಿದೆ. ಮಿಕ್ಸರ್ ಜಾರಿನ ಮುಚ್ಚಳದ ಸಂದಿಯನ್ನು ಕಡ್ಡಿಯಿಂದ ಕೆದರಿ ಅಡುಗೆ ಸೋಡಾ ತುಂಬಿಟ್ಟೆ. ಕಟ್ಟಿಗೆಯ ಸೌಟುಗಳು ಎಷ್ಟು ತೊಳೆದರೂ ಉಳ್ಳಾಗಡ್ಡಿ ನಾರುತ್ತಿದ್ದವು, ಒಲೆಗೆ ಹಾಕಿದೆ. ಪಾತ್ರೆ ತಿಕ್ಕುವ ನಾರು, ಕೈ ಒರೆಸುವ ಬಟ್ಟೆ, ಮಸಾಲೆಯ ಪ್ಲಾಸ್ಟಿಕ್ ಡಬ್ಬಿಗಳು ಎಲ್ಲ ಎಸೆದೆ. ಸಿಂಕಿನ ಪೈಪಿಗೆ ಕುದಿಯುವ ನೀರು ಹೊಯ್ದೆ. ಒಲೆಯ ಹಿಂದಿನ ಗೋಡೆಗೆ ಹತ್ತಿದ್ದ ಎಣ್ಣೆಜಿಡ್ಡನ್ನು ಸೋಡಾ ನೀರು ಹಾಕಿ ಕೆರೆದೆ. ಕಪಾಟಿನ ಮೂಲೆ ಮೂಲೆಗೆ ನೀನು ಇಡುತ್ತಿದ್ದಂತೆ ಇದ್ದಿಲು ಇಟ್ಟೆ. ಪಕ್ಕದ ಕ್ವಾರ್ಟರ್ಸಿನ ಮಹೆಬೂಬಿ ಕಂಪೌಂಡಿನ ಮೇಲಿಂದ ನೋಡುತ್ತ ನಿಂತಿದ್ದಳು.

"ಮನಿ ಖಾಲಿ ಮಾಡಾಕತ್ತೀರೇನು ಅಣ್ಣಾ?"

"ಇಲ್ಲವಾ. ಅಡಿಗಿ ವಾಸನಿ ಬಂದ್ರ ನೀಲಾಗ ತಡಕೊಳ್ಳಾಕ ಆಗವಲ್ದು."

ಅವಳು ತನ್ನ ಅಡುಗೆಮನೆಯ ಕಿಟಕಿಯ ಕಡೆ ತಿರುಗಿ ನೋಡಿದಳು. "ನಮ್ಮ ಮನೀದೂ ಬರ್ತಿರಬೇಕಲ್ಲ ಹಂಗಾರ? ಕಿಡಕಿ ನಿಮ್ಮ ಕಡೀಗೇ ಅದ" ಎಂದಳು. ಅವತ್ತೇ ಸಂಜೆ ಅವಳು ತನ್ನ ಒಲೆಯನ್ನು ಮನೆಯ ಆ ಕಡೆಯ ಬೇವಿನ ಮರದ ಕೆಳಗೆ ಹೂಡಿದಳು. ಕಿಟಕಿಗೆ ಗೋಣಿಚೀಲ ಜಡಿದಳು. ನಾನು ಕೇಳಿರಲಿಲ್ಲ ಅತ್ತೆ.

ನೀಲಾಳನ್ನು ಕ್ಯಾಂಪಿಗೆ ಕಳಿಸುವಾಗ ನೀನು ಅವಳ ಸಾಮಾನಿನಲ್ಲಿ ಇಟ್ಟುಕೊಟ್ಟಿದ್ದು ಅದೇ ಕಬ್ಬಿಣದ ಬಾಣಲೆ. ಅದರ ಕತೆ ಹೇಳಲು ನನಗೆ ಅಂಜಿಕೆ. ಎಲ್ಲ ತೊಳೆದು ಒಳಗಿಟ್ಟ ಮೇಲೂ ನೀಲಾ ಬಾಗಿಲಲ್ಲಿ ನಿಂತು, "ಆ ಮೂಲಿಯಿಂದ ಬರಾಕತ್ತದ" ಎಂದು ಬೆರಳು ಮಾಡಿದಳು. ಕಡಲೆಹಿಟ್ಟು, ಹುಣಸೆ, ಬೂದಿ, ಎರಡು ದಿನದ ಬಿಸಿಲು, ಯಾವುದಕ್ಕೂ ಅವಳ ಮೂಗು ಒಪ್ಪಲಿಲ್ಲ. ಕೊನೆಗೆ ಬಯಲಿಗೆ ಒಯ್ದು ತೊಗರಿಕಟ್ಟಿಗೆಯ ಬೆಂಕಿಯಲ್ಲಿ ಕೆಂಪಗಾಗುವವರೆಗೆ ಸುಟ್ಟೆ. ನೀನೂ ನಿನ್ನ ಮಗಳೂ ಇಷ್ಟು ವರ್ಷ ಎಣ್ಣೆ ಕುಡಿಸಿ ಕುಡಿಸಿ ಕನ್ನಡಿಯಂತೆ ಮಾಡಿದ್ದ ಕಪ್ಪೆಲ್ಲ ಹಪ್ಪಳದಂತೆ ಎದ್ದು ಉದುರಿತು. ಒಳಗೆ ಬೂದಿಬಣ್ಣದ, ಯಾರದ್ದೂ ಅಲ್ಲದ ಒಂದು ಬಾಣಲೆ ಉಳಿಯಿತು. ನನ್ನನ್ನು ಬೈಯಬೇಕಿದ್ದವಳು ನೀನೊಬ್ಬಳೇ. ಇಷ್ಟು ಮಾಡಿಯೂ ಸುಟ್ಟ ಎಣ್ಣೆಯ ಹೊಗೆ ಗಾಳಿಗೆ ಮನೆಗೆ ಬಂದು ನೀಲಾ ಆ ದಿನ ನೀರನ್ನೂ ಕಕ್ಕಿದಳು.

ಅವಳು ನೀರು ಕಕ್ಕಿದ ಹೊತ್ತಿಗೆ ನನಗೆ ನಿನ್ನ ಕೊನೆಯ ನಾಲ್ಕು ತಿಂಗಳು ನೆನಪಾದವು. ನೀನು ನಮ್ಮ ಕ್ಯಾಂಪಿನ ಮನೆಯಲ್ಲೇ ಇದ್ದೆ. ತಾಟು ಮುಂದಿಟ್ಟರೆ, "ತಾಟು ತೊಳದಿಲ್ಲೇನ? ನಾರ್ತದ" ಎಂದು ದೂಡುತ್ತಿದ್ದೆ. ನೀಲಾ ಮೂರು ಸಲ ತೊಳೆದು ತಂದಳು. ಮೂರನೆಯ ಸಲವೂ ನೀನು ದೂಡಿದಾಗ ನಾನು, "ನಿಮ್ಮೂರಾಗ ಮೀನು ನಾರಲಿಲ್ಲ, ನನ್ನ ಮನಿ ತಾಟು ನಾರ್ತದೇನು? ಉಂಡ್ರ ಉಣ್ಣು, ಬಿಟ್ರ ಬಿಡು" ಎಂದೆ. ನೀನು ಅಂದಿನಿಂದ ವಾಸನೆಯ ಮಾತನ್ನೇ ಎತ್ತಲಿಲ್ಲ. ಎರಡು ತುತ್ತು ನುಂಗಿ, ಮೇಲೆ ನೀರು ಕುಡಿದು, ಸಾಕು ಎನ್ನುತ್ತಿದ್ದೆ. ವಯಸ್ಸಾಗಿದೆ, ಹಟ ಹೆಚ್ಚಾಗಿದೆ ಎಂದುಕೊಂಡೆವು. ಮೈ ತೊಳೆಯಲು ಮಗಳನ್ನೂ ಹತ್ತಿರ ಬಿಡದೆ, ಎಡಗಡೆಯ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡೇ ಕೂಡುತ್ತಿದ್ದೆಯಲ್ಲ. ನಾವು ಅದನ್ನು ನಾಚಿಕೆ ಎಂದುಕೊಂಡೆವು.

ಮೊದಲ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ನೀಲಾಳನ್ನು ಕೇಳಿದ್ದರು: "ನಿಮ್ಮ ತಾಯಿಗೆ, ಅಕ್ಕತಂಗೇರಿಗೆ ಯಾರಿಗರ ಇದು ಇತ್ತೇನು?" ಅವಳು ಇಲ್ಲ ಎಂದಳು. ಬಾಣಲೆ ಸುಟ್ಟ ದಿನ ಆ ಪ್ರಶ್ನೆ ನನ್ನ ತಲೆಯಲ್ಲಿ ಮತ್ತೆ ಎದ್ದಿತು. ನಿನ್ನೂರು ತಿಂಥಣಿಗೆ ಫೋನು ಹಚ್ಚಿ, ಮಣ್ಣಿಗೆ ಅಲ್ಲಿಗೆ ಒಯ್ದಾಗ ನಿನ್ನ ಕೊನೆಯ ಮೈ ತೊಳೆದ ಈರಮ್ಮಾಯಿಯನ್ನು ಕೇಳಿದೆ. ಅವಳು, "ಎಡಕ ಎದಿ ಮ್ಯಾಗ ಹುಣ್ಣಾಗಿತ್ತಪಾ. ಒಡದಿತ್ತು. ಅರಿವಿ ಕಟಗೊಂಡಿದ್ಳು. ನಿಮಗ ಗೊತ್ತದ ಅಂತ ತಿಳಕೊಂಡಿದ್ದೆ ನಾ" ಎಂದಳು. ಫೋನು ಇಟ್ಟು ಕಾಲುವೆಯ ಏರಿಯ ಮೇಲೆ ಕುಳಿತೆ. ನಿನಗೆ ನಾರುತ್ತಿದ್ದದ್ದು ತಾಟೋ, ಇಲ್ಲ ಸೆರಗಿನ ಕೆಳಗೆ ನೀನೊಬ್ಬಳೇ ಹೊತ್ತಿದ್ದ ಆ... ಬರೆಯಲು ಆಗುತ್ತಿಲ್ಲ ಅತ್ತೆ. ಬಿಟ್ಟರೆ ಬಿಡು ಎಂದೆನಲ್ಲ. ನೀನು ಬಿಟ್ಟೇಬಿಟ್ಟೆ.

ಮರುದಿನ ಬೆಳಿಗ್ಗೆ ಗೋಡೆಗೆ ಸುಣ್ಣ ಹಚ್ಚಲು ಶುರು ಮಾಡಿದೆ. ಏನಾದರೂ ಮಾಡುತ್ತಿರಬೇಕಿತ್ತು, ಇಲ್ಲದಿದ್ದರೆ ತಲೆ ಕೆಡುತ್ತಿತ್ತು. ಅರ್ಧ ಗೋಡೆ ಆಗುವಷ್ಟರಲ್ಲಿ ನೀಲಾ ಬಾಗಿಲಿಗೆ ಬಂದಳು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. "ಸಾಕು ಬಿಡ್ರಿ" ಎಂದಳು. "ಸುಣ್ಣಾನೂ ನಾರ್ತದ. ನೀರೂ ನಾರ್ತದ. ನಿಮ್ಮ ಅಂಗಿ ನಾರ್ತದ. ವಾಸನಿ ನನ್ನ ಮೂಗಿನ್ಯಾಗ ಕುಂತದ, ಗ್ವಾಡ್ಯಾಗ ಇಲ್ಲ. ಎಲ್ಲೀ ತನಕ ತಿಕ್ಕತೀರಿ?" ನಾನು ಬ್ರಷ್ಷು ಹಿಡಿದುಕೊಂಡೇ ನೆಲಕ್ಕೆ ಕುಳಿತೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಎದುರು ನಾನು ಅತ್ತದ್ದು ಅದೇ ಮೊದಲು. ಅವಳಿಗೆ ನನ್ನ ಹತ್ತಿರ ಬರಬೇಕೆಂದು ಮನಸ್ಸಿತ್ತು, ಕಂಡೆ. ಬರಲು ಆಗಲಿಲ್ಲ. ಸುಣ್ಣದ ವಾಸನೆ.

ಮೂರನೆಯ ಕೀಮೋಗೆ ಒಂಬತ್ತು ದಿನ ಉಳಿದಿದ್ದಾಗ, ಬೆಳಿಗ್ಗೆ ಮಹೆಬೂಬಿಯ ಬೇವಿನ ಮರದ ಕೆಳಗಿನ ಒಲೆಯಲ್ಲಿ ಜೋಳದ ಅಂಬಲಿ ಕಾಸಿದೆ. ಬಿಸಿ ಬಿಸಿ ಕುಡಿದರೆ ಶಕ್ತಿ ಬರುತ್ತದೆಂದು ನನ್ನ ಲೆಕ್ಕ. ಅಷ್ಟರಲ್ಲಿ ಗೇಟು ಎತ್ತಬೇಕು ಎಂದು ಕಚೇರಿಯಿಂದ ಕರೆ ಬಂತು. ಪಾತ್ರೆಗೆ ತಟ್ಟೆ ಮುಚ್ಚಿ, ನಮ್ಮ ಹಿತ್ತಲಲ್ಲಿ ನೀರಿನ ಕೊಡ ಇಡುವ ಹಸಿ ಉಸುಕಿನ ಮೇಲಿಟ್ಟು ಓಡಿದೆ. ಮಧ್ಯಾಹ್ನ ತಿರುಗಿ ಬಂದರೆ ನೀಲಾ ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದಳು. ಕೈಯಲ್ಲಿ ಬಟ್ಟಲು. ತುಟಿಗೆ ತಣ್ಣಗಾದ ಅಂಬಲಿ ಹತ್ತಿತ್ತು. ನಾನು ಕಂಪೌಂಡಿನ ಹೊರಗೇ ನಿಂತೆ. ಹತ್ತಿರ ಹೋದರೆ ಎಲ್ಲಿ ಕುಡಿಯುವುದನ್ನು ಬಿಡುತ್ತಾಳೋ ಎಂದು ಸೈಕಲ್ಲಿನ ಸ್ಟ್ಯಾಂಡೂ ಹಾಕಲಿಲ್ಲ. ಅವಳೇ ನೋಡಿ, "ಉಪ್ಪು ಹಾಕಿಲ್ಲ ನೀವು" ಎಂದಳು.

ಆ ಸಂಜೆ ಆಸ್ಪತ್ರೆಯ ನರ್ಸಿಗೆ ಫೋನು ಮಾಡಿದೆ. "ಬಿಸಿ ಇದ್ರ ಹಬಿ ಕೂಡ ವಾಸನಿ ಏಳ್ತದ್ರಿ. ಆರಿಸಿ, ತಣ್ಣಗ ಮಾಡಿ ಕೊಡ್ರಿ. ಅಡಿಗಿ ಮಾಡುವಾಗ ಆಕಿನ್ನ ದೂರ ಕೂಡಸ್ರಿ" ಎಂದಳು. ಅಷ್ಟೇ. ನಾನು ಹಬೆಯನ್ನು ಬಿಟ್ಟು ಪಾತ್ರೆಯನ್ನು ತಿಕ್ಕುತ್ತಿದ್ದೆ. ಅಂದಿನಿಂದ ಮನೆಯೊಳಗೆ ಒಲೆ ಹಚ್ಚಲಿಲ್ಲ. ಮಹೆಬೂಬಿ ಖಡಕ್ ರೊಟ್ಟಿ ಬಡಿದು ಆರಿಸಿ ಕೊಟ್ಟಳು. ತಣ್ಣನೆಯ ಮೊಸರಿನಲ್ಲಿ ಅದನ್ನು ಮುರಿದು ನೆನೆಸಿದರೆ ನಾಲ್ಕು ತುತ್ತು ಹೋಗುತ್ತಿತ್ತು. ಸೌತೆಕಾಯಿ ಹೋಗುತ್ತಿತ್ತು. ಒಂದೊಂದು ದಿನ ಅದೂ ಹೋಗುತ್ತಿರಲಿಲ್ಲ. ಆ ದಿನಗಳಲ್ಲಿ ಅವಳು ಮಲಗಿದ ಕಡೆ ನೋಡಲು ನನಗೆ ಧೈರ್ಯವಿರಲಿಲ್ಲ.

ಕಲಬುರಗಿಯಲ್ಲಿ ಅವಳು ತೂಕದ ಮೆಷಿನ್ ಮೇಲೆ ನಿಂತಾಗ ನಾನು ಗೋಡೆಯ ಕಡೆ ಮುಖ ಮಾಡಿದೆ. ತೂಕ ಏರಿರಲಿಲ್ಲ. ಇಳಿದಿರಲೂ ಇಲ್ಲ. "ಕೊಡೂಣು" ಎಂದರು ಡಾಕ್ಟರು. ಅವಳಿಗೆ ಸೂಜಿ ಚುಚ್ಚಿ ಮಲಗಿಸಿದ ಮೇಲೆ ನಾನು ಅವರ ಕೋಣೆಗೆ ಹೋಗಿ ನಿನ್ನ ವಿಷಯ ಹೇಳಿದೆ.

"ಮಗಳದಾಳೇನು ನಿಮಗ?" ಎಂದು ಕೇಳಿದರು.

"ಅದಾಳ್ರಿ. ಭಾಗ್ಯ. ಕೆಂಭಾವಿಗೆ ಕೊಟ್ಟೀವಿ."

"ಆಕಿನ್ನೂ ಕರಕೊಂಡು ಬರ್ರಿ. ಇನ್ನ ಮ್ಯಾಲ ವರ್ಷಕ್ಕೊಮ್ಮೆ ಆಕಿ ಎದಿ ನೋಡಬೇಕಾಗ್ತದ. ಹೆಂಡ್ತಿಗೂ ಖರೇ ಹೇಳ್ರಿ."

ಖರೆ ಹೇಳಲು ನನಗೆ ಐದು ದಿನ ಬೇಕಾಯಿತು. ಇವತ್ತು ಬೆಳಿಗ್ಗೆ ಹೇಳಿದೆ. ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದಳು. ಕೈಯಲ್ಲಿ ಮೊಸರಿನ ಬಟ್ಟಲಿತ್ತು. ಈರಮ್ಮಾಯಿ ಹೇಳಿದ್ದನ್ನೂ, ತಾಟಿನ ಮುಂದೆ ನಾನು ನಿನಗೆ ಆಡಿದ್ದನ್ನೂ, ಒಂದೂ ಬಿಡದೆ ಹೇಳಿದೆ. ಅವಳು ಅಳುತ್ತಾಳೆ, ಇಲ್ಲ ನನ್ನ ಮುಖಕ್ಕೆ ಬಟ್ಟಲು ಎಸೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಟ್ಟಲನ್ನೇ ನೋಡುತ್ತ ಕುಳಿತಳು.

"ಅವ್ವಗ ತಣ್ಣಂದು ಕೊಟ್ಟಿದ್ರ ಉಣ್ತಿದ್ಳೋ ಏನೋ" ಎಂದಳು.

ಅತ್ತೆ, ನೀನಾದರೂ ಒಂದು ಸಲ ಬಾಯಿ ಬಿಟ್ಟು... ಇಲ್ಲ. ನೀನು ಬಾಯಿ ಬಿಡುವ ಹಾಗೆ ನಾನು ಇರಲಿಲ್ಲ.

ಅವಳೇ ಫೋನು ಎತ್ತಿಕೊಂಡಳು. ಕೆಂಭಾವಿಗೆ ಹಚ್ಚಿದಳು. "ಭಾಗ್ಯಾ, ಸೋಮವಾರ ಬಾ. ಅಪ್ಪ ನಿನ್ನ ದವಾಖಾನಿಗೆ ಕರಕೊಂಡು ಹೋಗ್ತಾನ, ನಾನೂ ಬರ್ತೀನಿ" ಎಂದಳು. ಆ ಕಡೆಯಿಂದ ಭಾಗ್ಯ ಏನೋ ಕೇಳಿದಳು. "ಎದಿ ತೋರಸಾಕ" ಎಂದಳು ನೀಲಾ, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ. "ನಮ್ಮವ್ವಗೂ ಇದಾ ಇತ್ತು. ಮುಚ್ಚಿಟ್ಟುಕೊಂಡು ಸತ್ಳು. ನಾಚಿಗಿ ಗೀಚಿಗಿ ಏನೂ ಬ್ಯಾಡ. ಬಾ."

ಫೋನು ಕೆಳಗಿಟ್ಟಳು. ಇನ್ನೂ ಮೂರು ಕೀಮೋ ಉಳಿದಿವೆ, ಆಮೇಲೆ ಏನೆಂದು ಡಾಕ್ಟರೂ ಹೇಳುವುದಿಲ್ಲ. ಆದರೆ ನಿನ್ನ ಮಗಳು ಬಟ್ಟಲನ್ನು ನನ್ನ ಕಡೆ ಚಾಚಿದಳು.

"ಇನ್ನೊಂದಿಷ್ಟು ಹಾಕ್ರಿ" ಎಂದಳು.

ನಿನ್ನ ಅಳಿಯ,
ಶರಣಪ್ಪ