ಕೈಯಲ್ಲಿ ಹಿಡಿದ ಒತ್ತಕ್ಷರ

ಘಣಸೋಲಿ, ೭-೧-೨೦೧೨

ತಂಗಿ ಸರಳಾ,

ಮೊಮ್ಮಗಳು ಯಾಮಿನಿ ನಿನ್ನೆ ವಾಶಿಯ ಕಲಾಪ್ರದರ್ಶನದಲ್ಲಿ ಮೈಮೇಲೆ ತೊಟ್ಟು ನಡೆಯುವ ಶಿಲ್ಪವೊಂದನ್ನು ಮೆರೆಸಿದಳು. ನಾನದಕ್ಕೆ ‘ತೊಡುಶಿಲ್ಪ’ವೆಂದು ಹೆಸರಿಟ್ಟಿದ್ದೇನೆ. ನನ್ನ ಕೋಟನ್ನೇ ಹೋಲುವ ತಂತಿಯ ಕೋಟು. ಬೆನ್ನಿನಲ್ಲಿ ತಗಡಿನ ಕನ್ನಡಾಕ್ಷರಗಳು: ‘ಅಜ’! ‘ಅಜ್ಜ’ದ ಒತ್ತು ಬಿಟ್ಟುಹೋಗಿತ್ತು.

“ಮಗೂ, ಅಜ ಎಂದರೆ ಆಡು!”

“ಆಡು ಮತ್ಲಬ್?”

“ಬಕರಾ.”

“ಅರೇ ಅಜ್ಜಾ, ಎಲ್ಲಾ ನಗ್ತಾರೆ! ಅಬ್ ಕ್ಯಾ ಕರೂಂ, ಏನ್ ಮಾಡ್ಲಿ?”

ಅಷ್ಟರಲ್ಲಿ ಅವಳ ಸರದಿ ಬಂದಿತು. ಉಳಿದ ತಗಡಿನಲ್ಲಿ ಜಕಾರದ ಒತ್ತನ್ನು ಕತ್ತರಿಸಿದೆ, ಅಂಟು ಹಿಡಿಯಲಿಲ್ಲ. ಕೊನೆಗೆ ಅದನ್ನು ಅಕ್ಷರದ ಕೆಳಗೆ ಸರಿಯಾಗಿ ಹಿಡಿದುಕೊಂಡು, ಸಭಾಂಗಣದುದ್ದಕ್ಕೂ ಅವಳ ಹಿಂದೆಯೇ ನಡೆದೆ. ನಾನೂ ಶಿಲ್ಪದ ಭಾಗವೆಂದೇ ಜನರು ಭಾವಿಸಿದರು. ಆ ತಪ್ಪನ್ನು ಮಾತ್ರ ನಾನು ತಿದ್ದಲಿಲ್ಲ.

ತಗಡು ತಗುಲಿ ಹೆಬ್ಬೆರಳು ಕೊಯ್ದಿದೆ. ಬರಹ ಸೊಟ್ಟಗಿದ್ದರೆ ಮನ್ನಿಸು. ಕಾರ್ಡು ತುಂಬಿತು.

ನಿನ್ನ ಅಣ್ಣ,
ಗಣಪತಿ