ಸತ್ತವರ ಬಟ್ಟಲಿಗೆ ಬಂದ ರಣಹದ್ದು

ಖೋರ್ನಬುಜಿ, ಕಾಖೇತಿ
ಸೆಪ್ಟೆಂಬರ್ 28

ಪ್ರೀತಿಯ ದಾರಿಕೋ,

ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ತುರಿಸುತ್ತದೆ ಎಂದೆಯಂತೆ. ಸ್ವೆಟರ್ ಹೆಣೆಯುವ ಕಡ್ಡಿ ತೂರಿಸು, ಡಾಕ್ಟರಿಗೆ ಹೇಳಬೇಡ. ಬಾಟಲಿಯಲ್ಲಿ ಕಳಿಸಿದ್ದು ನಮ್ಮ ಗುಡಾಣದ ಹಳೇ ವೈನು; ಆಸ್ಪತ್ರೆಯಲ್ಲಿ ಕೇಳಿದವರಿಗೆ ಕೆಮ್ಮಿನ ಔಷಧಿ ಅನ್ನು. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಪತ್ರ.

ನಿನ್ನ ಹಾಲೆಂಡಿನ ಅತಿಥಿಗಳ ವಿಷಯ. ಹೆಂಡ್ರಿಕಾ ಮೇಡಂ ಮೆಚ್ಚಿದರೆ ವಸಂತಕ್ಕೆ ಹಕ್ಕಿ ನೋಡುವವರ ತಂಡ ಕಳಿಸುತ್ತಾರೆ, ಮೆಚ್ಚದಿದ್ದರೆ ನೀನು ಅತಿಥಿಕೋಣೆಗಳಿಗೆ ಬೀಗ ಹಾಕಿ ಮತ್ತೆ ತ್ಬಿಲಿಸಿಯ ಬಟ್ಟೆ ಅಂಗಡಿಗೆ ಹೋಗಬೇಕು. ನನಗೆ ಗೊತ್ತಿಲ್ಲವೇ? ನೀನು ಏಣಿಯಿಂದ ಬಿದ್ದ ದಿನವೇ ಆ ಭಾರ ನನ್ನ ಹೆಗಲಿಗೆ ಬಂತು. ನಿನ್ನ ನುನೂ ಅತ್ತೆ ಮಾತ್ರ, "ಕಾಗೆಗೂ ಕೋಳಿಗೂ ವ್ಯತ್ಯಾಸ ಗೊತ್ತಿಲ್ದೋನು ಹಕ್ಕಿ ತೋರ್ಸಕ್ಕೆ ಹೊರಟ" ಎಂದು ನಕ್ಕಳು. ಬಾಲ್ಯದಿಂದ ದ್ರಾಕ್ಷಿತೋಟದಲ್ಲಿ ಹಕ್ಕಿಗಳಿಗೆ ಕಲ್ಲು ಹೊಡೆದವನು ನಾನು. ಹಕ್ಕಿಗಳ ಬಗ್ಗೆ ನನಗಿಂತ ಬಲ್ಲವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ?

ನಿನ್ನೆ ಬೆಳಿಗ್ಗೆ ಹದ್ದಿನ ಕಣಿವೆಗೆ ಕರೆದೊಯ್ದೆ. ಅವರಿಗೆ ಬೇಕಿದ್ದುದು ಕಪ್ಪು ರಣಹದ್ದು, ಕಣಿವೆ ತುಂಬ ಇದ್ದುದು ಮಂಜು. ಕೊನೆಗೆ ಒಂದು ಹಕ್ಕಿ ಕಂಡಿತು. ರಣಹದ್ದಿನ ಮರಿ ಎಂದೆ. ಆಕೆಯ ಗಂಡ ಯೋಪ್ ದುರ್ಬೀನು ಇಳಿಸಿ, ಬಹಳ ಮರ್ಯಾದೆಯಿಂದ, ಅದು ಕಾಗೆ ಎಂದ. ಆಮೇಲೆ ನೀನು ಹೇಳಿದ್ದಂತೆ ಜಲಾಶಯಕ್ಕೆ ಹೊರಟೆವು. ಆದರೆ ದಾರಿಯಲ್ಲಿ ಝುಝುನಾಳ ಮನೆ ಇದೆ, ದ್ರಾಕ್ಷಿ ಕೊಯ್ಲು ನಡೆಯುತ್ತಿದೆ. ಕೊಯ್ಲಿನ ಮನೆಯ ಗೇಟು ದಾಟಿ ಹೋಗಲು ನಮ್ಮ ಪಾದ್ರಿಗೇ ಸಾಧ್ಯವಿಲ್ಲ, ನನಗೆ ಸಾಧ್ಯವೇ? ಐದು ನಿಮಿಷ ಎಂದೆ. ಮೇಡಂ ಗಡಿಯಾರ ನೋಡಿಕೊಂಡರು. ಝುಝುನಾ ಅವರ ಕೈ ಹಿಡಿದು ಎಳೆದಳು: "ಹಕ್ಕಿ ಎಲ್ಲಿಗ್ ಹೋಗ್ತಾವೆ ತಾಯಿ, ಅವಕ್ಕೂ ಹೊಟ್ಟೆ ಐತೆ. ನೀವು ಕೂರಿ."

ಊಟದ ಯಜಮಾನಿಕೆ ನನಗಲ್ಲದೆ ಇನ್ಯಾರಿಗೆ? ಒಂದೊಂದಕ್ಕೂ ಭಾಷಣ ಮಾಡಿ ವೈನು ಕುಡಿದು, ದೇವರ ಬಟ್ಟಲು, ಶಾಂತಿಯ ಬಟ್ಟಲು, ಅತಿಥಿಗಳ ಬಟ್ಟಲು ಮುಗಿಯುವಷ್ಟರಲ್ಲಿ ಮೇಡಂ ಮುಖ ಸಪ್ಪಗಾಗಿತ್ತು. ನಿನ್ನ ಅಂಗಡಿ ಕೆಲಸ ನನ್ನ ಕಣ್ಣೆದುರು ಬಂತು. ಆಮೇಲೆ ಸತ್ತವರ ಬಟ್ಟಲು. ಎಲ್ಲರೂ ಎದ್ದು ನಿಂತರು. ಈ ಬಟ್ಟಲಿಗೆ ಮಾತು ಮುಗಿಯುವವರೆಗೆ ಯಾರೂ ಅಲುಗಾಡಬಾರದು, ಉಸಿರೆತ್ತಬಾರದು ಎಂದು ಅತಿಥಿಗಳಿಗೂ ಹೇಳಿಟ್ಟಿದ್ದೆ. ನಿನ್ನ ತಾತನಿಂದ ಶುರು ಮಾಡಿದೆ. ನೋಡುತ್ತೇನೆ, ಮೇಡಂ ಬಾಯಿ ತೆರೆದಿದೆ, ಕಣ್ಣು ತುಂಬಿದೆ, ನೀರು ಕೆನ್ನೆಗಿಳಿಯುತ್ತಿದೆ. ಯೋಪ್ ಆಕೆಯ ಮೊಣಕೈ ಹಿಡಿದು ನಡುಗುತ್ತಿದ್ದಾನೆ. ನಮ್ಮ ಭಾಷೆ ಅರ್ಧಂಬರ್ಧ ಬಲ್ಲವರು ಹೀಗೆ ಅತ್ತರೆ ನಾನು ಹೇಗೆ ನಿಲ್ಲಿಸಲಿ? ತಾತನ ಅಣ್ಣತಮ್ಮಂದಿರಿಗೆ ಹೋದೆ, ಯುದ್ಧದಲ್ಲಿ ಸತ್ತವರಿಗೆ ಹೋದೆ, ಹೆಸರು ಮುಗಿದ ಮೇಲೆ ತಾತನ ಹೇಸರಗತ್ತೆಯನ್ನೂ ಬಿಡಲಿಲ್ಲ. ನಾಯಿ ಕೂಡ ಬಾಲ ಆಡಿಸಲಿಲ್ಲ.

ಬಟ್ಟಲು ಬರಿದು ಮಾಡಿ ತಿರುಗಿದರೆ, ನನ್ನ ಬೆನ್ನ ಹಿಂದಿನ ದಿಬ್ಬದಲ್ಲಿ, ಕಲ್ಲೆಸೆದರೆ ತಾಗುವಷ್ಟು ಹತ್ತಿರ, ಕಪ್ಪು ರಣಹದ್ದು. ಬೆಳಿಗ್ಗೆ ಕೊಯ್ದ ಕುರಿಯ ಕರುಳನ್ನು ಝುಝುನಾಳ ಮಗ ಗೇಲಾ ಅಲ್ಲಿ ಎಸೆದಿದ್ದ. ಅದು ನೆಂಟರಂತೆ ನಿಧಾನವಾಗಿ ಊಟ ಮಾಡುತ್ತಿತ್ತು. ನಾವು ಅಲುಗಾಡಿದ್ದೇ ತಡ, ಮಂಚದಗಲ ರೆಕ್ಕೆ ಬಿಚ್ಚಿ ಅಕ್ರೋಟು ಮರದ ಮೇಲಿಂದ ಹೋಯಿತು. ಮೇಡಂ ನನ್ನನ್ನು ತಬ್ಬಿಕೊಂಡು ನಮ್ಮ ಭಾಷೆಯಲ್ಲೇ ಹೇಳಿದರು: "ಒತಿಯಾ, ನಿಮ್ಮ ಮಾತು ತುಂಬಾ ಉದ್ದ. ಅದಕ್ಕೇ ಧನ್ಯವಾದ."

ಗೇಲಾ ಈಗ ಊರೆಲ್ಲ ಆಡಿಕೊಂಡು ತಿರುಗುತ್ತಿದ್ದಾನೆ, ನನ್ನ ಮುಖಕ್ಕೂ ಹೇಳಿದ: "ಅದು ಕರುಳಿಗೆ ಬಂದಿದ್ದು ಕಣೋ ಮಾವ, ನಿನ್ ಮಾತಿಗಲ್ಲ." ಕರುಳು ಬೆಳಗಿನಿಂದ ಅಲ್ಲೇ ಬಿದ್ದಿತ್ತಲ್ಲ? ನಾನು ಬಾಯಿ ತೆರೆಯುವವರೆಗೆ ಯಾಕೆ ಬರಲಿಲ್ಲ? ಏನೇ ಇರಲಿ, ಏಪ್ರಿಲ್‌ಗೆ ತಂಡ ಬರುವುದು ಗಟ್ಟಿ. ಅವರು ನೋಡಬೇಕಾದ ಜಾಗಗಳು ಕಣಿವೆ, ಜಲಾಶಯ, ಆಮೇಲೆ ಝುಝುನಾಳ ಅಂಗಳ, ಒತಿಯಾ ಮಾತಾಡುವ ಹೊತ್ತಿಗೆ.

ಹೊಸ ವೈನು ತಿಳಿಯಾಗುವ ಮೊದಲೇ ನಿನ್ನ ಮೂಳೆ ಕೂಡಲಿ, ಮಗಳೇ. ಅತ್ತೆ ಮುತ್ತು ಕಳಿಸಿದ್ದಾಳೆ.

ನಿನ್ನ ಸೋದರಮಾವ,
ಒತಿಯಾ

ಮರೆತಿದ್ದೆ, ಪತ್ರ ಒಯ್ಯುವ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಆ ಕುರಿ ಝುಝುನಾಳದ್ದಲ್ಲ, ನಿನ್ನದು, ನಾನೇ ಕೊಟ್ಟದ್ದು. ನಿನ್ನ ತಮ್ಮನ ಮದುವೆಗೆಂದು ಎರಡು ಸಾಕಿದ್ದೆಯಲ್ಲ, ಅದರಲ್ಲಿ ಆ ಕಪ್ಪು ಮೂತಿಯದು. ಬಿಳಿ ಮೂತಿಯದು ಚೆನ್ನಾಗಿದೆ, ಏಪ್ರಿಲ್‌ನ ತಂಡಕ್ಕೆಂದು ಕೊಬ್ಬಿಸುತ್ತಿದ್ದೇನೆ. ತಮ್ಮನಿಗೆ ಮದುವೆ ಸ್ವಲ್ಪ ಮುಂದೂಡಲು ನೀನೇ ಹೇಳು.